ಆಟಿಯ ಬಾವಿ

ಮಂಗಳೂರಿನಿಂದ ಬಿ.ಸಿ. ರೋಡಿನ ಕಡೆಗೆ ಹೊರಟವರಿಗೆ ಪಡೀಲ್ ಇವತ್ತು ಒಂದು ಜಂಕ್ಷನ್. ಬೆಂಗಳೂರು ಹೆದ್ದಾರಿ, ಅದರ ಮೇಲೆ ಹಾದು ಹೋಗುವ ರೈಲು ಹಳಿ, ಕೂಗಳತೆಯಲ್ಲಿ ಮಂಗಳೂರು ಜಂಕ್ಷನ್ ನಿಲ್ದಾಣ, 2025ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಜಿಲ್ಲಾಧಿಕಾರಿ ಕಚೇರಿಯ ಹೊಸ ಕಟ್ಟಡ. ಇದೆಲ್ಲ ಬರುವ ಮೊದಲು ಈ ಸೀಮೆಯನ್ನು ಜನ ನೋಡುತ್ತಿದ್ದದ್ದು ನೀರಿನ ಲೆಕ್ಕದಲ್ಲಿ. ಮೇಲೆ ಮುರಕಲ್ಲಿನ ಗುಡ್ಡ, ಇಳಿಜಾರಿನಲ್ಲಿ ಬೆಟ್ಟು ಮತ್ತು ಮಜಲು, ತಳದಲ್ಲಿ ವರ್ಷವಿಡೀ ತೇವ ಹಿಡಿದ ಬೈಲು, ದಕ್ಷಿಣಕ್ಕೆ ನೇತ್ರಾವತಿ. ನಡುವೆ ಮನೆಗಳು, ಅಂಗಳದ ಬದಿಯಲ್ಲಿ ಬಾವಿ.

ಕರಾವಳಿಯ ಬಾವಿಗೆ ವರ್ಷಕ್ಕೆ ಎರಡು ಮುಖ. ಏಪ್ರಿಲ್–ಮೇ ತಿಂಗಳಲ್ಲಿ ಕೊಡಪಾನ ಇಳಿದು ಇಳಿದು ತಳದ ಕಲ್ಲಿಗೆ ಬಡಿಯುತ್ತದೆ. ಜುಲೈ ಕೊನೆಗೆ ಅದೇ ಬಾವಿ ಕಟ್ಟೆಯಿಂದ ಕೈ ಚಾಚಿದರೆ ನೀರು ಸಿಗುವಷ್ಟು ತುಂಬಿರುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಬಾವಿ ತುಂಬುವುದು ಸಂತೋಷದ ಸಂಗತಿ. ಆದರೆ ಸಣ್ಣ ಮಕ್ಕಳ ಹೊಟ್ಟೆ ಕೆಡುವುದೂ ಆ ದಿನಗಳಲ್ಲೇ. ಈ ಎರಡು ಸಂಗತಿಗಳ ನಡುವಿನ ದಾರಿ ಮನುಷ್ಯರಿಗೆ ಕಾಣಿಸಲು ಬಹಳ ಕಾಲ ಹಿಡಿಯಿತು. ಪಡೀಲಿನಂಥ ಊರಿನ ಆರೋಗ್ಯದ ಚರಿತ್ರೆ ಎಂದರೆ ಮುಖ್ಯವಾಗಿ ಆ ದಾರಿಯ ಚರಿತ್ರೆಯೇ.

ದಾರಿಯ ಮೊದಲ ತುಂಡು ಕಲ್ಲಿನಲ್ಲಿದೆ. ಈಸ್ಟ್ ಇಂಡಿಯಾ ಕಂಪನಿಗಾಗಿ ಮೈಸೂರು, ಮಲಬಾರ್, ಕೆನರಾಗಳನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ 1800ರ ಕೊನೆಯಲ್ಲಿ ಮಲಬಾರಿನ ಅಂಗಾಡಿಪುರದ ಬಳಿ ಈ ಕೆಂಪು ಮುರಕಲ್ಲನ್ನು ಗಮನವಿಟ್ಟು ನೋಡಿದ. ಅಗೆಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದರೆ ಗಟ್ಟಿ, ಮೈಯೆಲ್ಲ ತೂತು ಮತ್ತು ಪೊಳ್ಳು ಎಂದು ಬರೆದು, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟ. 1801ರಲ್ಲಿ ಅವನು ಮಂಗಳೂರಿಗೂ ಬಂದ, ನೇತ್ರಾವತಿಯ ದಂಡೆ ಹಿಡಿದು ಫರಂಗಿಪೇಟೆಯ ಕಡೆಗೂ ಹೋದ. ಅವನು ಕಂಡ ಆ ತೂತುಗಳೇ ಈ ಕಥೆಗೆ ಬೇಕಾದದ್ದು. ಮರಳಿನ ನೆಲದಲ್ಲಿ ನೀರು ನಿಧಾನವಾಗಿ ಸೋಸಿ ಇಳಿಯುತ್ತದೆ, ಕೊಳೆ ದಾರಿಯಲ್ಲೇ ಉಳಿಯುತ್ತದೆ. ಮುರಕಲ್ಲಿನಲ್ಲಿ ಬಿರುಕು ಮತ್ತು ಪೊಳ್ಳುಗಳ ಮೂಲಕ ನೀರು ಓಡುತ್ತದೆ. ಮೇಲಿನ ಹಿತ್ತಿಲಿನ ಗುಂಡಿ ಕಕ್ಕಸಿನಿಂದಲೋ ಕೊಟ್ಟಿಗೆಯ ಗೊಬ್ಬರ ಗುಂಡಿಯಿಂದಲೋ ಹೊರಟದ್ದು ಕೆಳಗಿನ ಮನೆಯ ಬಾವಿಗೆ ಸೋಸದೆಯೇ ಬಂದು ಸೇರಬಹುದು. ಮಳೆಗಾಲದಲ್ಲಿ ಅಂತರ್ಜಲ ಏರಿ ಗುಂಡಿಯ ತಳವನ್ನೇ ಮುಟ್ಟಿದಾಗ ಈ ಸಂಚಾರಕ್ಕೆ ತಡೆಯೇ ಇಲ್ಲ.

ತುಳುವರ ಪಂಚಾಂಗದಲ್ಲಿ ಮಳೆಗಾಲದ ಈ ಹೊತ್ತು ಆಟಿ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಗದ್ದೆ ಕೆಲಸ ಮುಗಿದಿರುತ್ತದೆ, ಕಣಜ ಬರಿದಾಗಿರುತ್ತದೆ. ಹಲಸಿನ ಬೀಜ, ಕೆಸುವಿನ ಎಲೆ, ತಜಂಕು, ಕಣಿಲೆಗಳಲ್ಲಿ ದಿನ ದೂಡಬೇಕು. ಹಸಿದ ಮೈಗೆ ಕಾಯಿಲೆ ಬೇಗ ಅಂಟುತ್ತದೆ. ನಲಿಕೆ ಸಮುದಾಯದವರು ಆಟಿ ಕಳೆಂಜನ ವೇಷ ಕಟ್ಟಿ, ತಾಳೆಗರಿಯ ಕೊಡೆ ತಿರುಗಿಸುತ್ತ, ತೆಂಬರೆಯ ಬಡಿತಕ್ಕೆ ಕುಣಿಯುತ್ತ ಮನೆಮನೆಗೆ ಬರುತ್ತಿದ್ದದ್ದು ಈ ತಿಂಗಳಲ್ಲಿ. ಊರಿಗೆ ಬಂದ ಮಾರಿಯನ್ನು ಕಳೆಯುವುದು ಕಳೆಂಜನ ಕೆಲಸ. ಮನೆಯವರು ಅಕ್ಕಿ, ಭತ್ತ, ತೆಂಗಿನಕಾಯಿ ಕೊಡುತ್ತಾರೆ. ಅವನು ಮನುಷ್ಯರ, ದನಕರುಗಳ, ಬೆಳೆಯ ರೋಗವನ್ನು ಹೊತ್ತುಕೊಂಡು ಹೋಗುತ್ತಾನೆ ಎಂಬುದು ನಂಬಿಕೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಲೋಹ ಸೋಕಿಸದೆ ಕಲ್ಲಿನಿಂದ ಜಜ್ಜಿ ತಂದ ಪಾಲೆ ಮರದ ಕೆತ್ತೆಯ ಕಷಾಯ, ಅದರ ಕಹಿ ಮತ್ತು ಉಷ್ಣ ಇಳಿಯಲು ಮೆಂತೆ ಗಂಜಿ. ಹಾಲೆ, ಸಪ್ತಪರ್ಣಿ ಎಂದೂ ಕರೆಯುವ ಈ ಮರದ ತೊಗಟೆಯನ್ನು ಆಯುರ್ವೇದವೂ ಜ್ವರಕ್ಕೆ, ಅತಿಸಾರಕ್ಕೆ ಬಳಸಿಕೊಂಡು ಬಂದಿದೆ.

ಈ ಆಚರಣೆಗಳನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ಅವುಗಳಲ್ಲಿ ಒಂದು ನಿಖರವಾದ ಗಮನಿಕೆ ಇದೆ: ಹೊಟ್ಟೆಯ ರೋಗಕ್ಕೆ ಋತು ಇದೆ, ಅದು ಒಬ್ಬರಿಗೆ ಬಂದರೆ ಊರಿಗೇ ಬರುತ್ತದೆ, ಅದನ್ನು ಎದುರಿಸುವ ಕೆಲಸ ಮನೆಮನೆಯಲ್ಲೂ ಆಗಬೇಕು. ಕಷಾಯದಿಂದ ಬಾವಿಯ ನೀರು ಶುದ್ಧವಾಗದು, ನಿಜ. ಮರದ ಗುರುತು ತಪ್ಪಿ ಬೇರೆ ತೊಗಟೆ ಕುಡಿದು ಆಸ್ಪತ್ರೆ ಸೇರಿದವರ ಸುದ್ದಿಯೂ ಆಗಾಗ ಬರುತ್ತದೆ. ಆದರೂ ಕಾಲವನ್ನು ಗುರುತಿಸಿದ್ದರಲ್ಲಿ ಹಿರಿಯರು ತಪ್ಪಿರಲಿಲ್ಲ. ಅವರಿಗೆ ಕಾಣದೇ ಹೋದದ್ದು ರೋಗ ಬರುವ ದಾರಿ, ಅದು ಆ ಕಾಲದಲ್ಲಿ ಲಂಡನ್ನಿನ ವೈದ್ಯರಿಗೂ ಕಂಡಿರಲಿಲ್ಲ.

ಮಂಗಳೂರಿನ ಜಿಲ್ಲಾಸ್ಪತ್ರೆ, ಇಂದಿನ ವೆನ್ಲಾಕ್, ಶುರುವಾದದ್ದು 1848ರಲ್ಲಿ. ಬ್ರಾಡ್ ಸ್ಟ್ರೀಟಿನ ಕೈಪಂಪಿನ ನೀರಿಗೂ ಕಾಲರಾಗೂ ನಂಟಿದೆ ಎಂದು ಜಾನ್ ಸ್ನೋ ಲಂಡನ್ನಿನಲ್ಲಿ ತೋರಿಸಿಕೊಟ್ಟದ್ದು ಅದಾಗಿ ಆರು ವರ್ಷಕ್ಕೆ, 1854ರಲ್ಲಿ. ಜರ್ಮನ್ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಪಡೀಲಿಗೆ ಹತ್ತಿರದ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಹಂಚತೊಡಗಿದ್ದು 1880ರಲ್ಲಿ. ಫಾದರ್ ಮುಲ್ಲರ್ ಆಸ್ಪತ್ರೆಯ ಮೂಲ ಅದೇ. ಆಗ ವಾಂತಿಭೇದಿಯಾದ ಮಗುವನ್ನು ಹೊತ್ತು ತಂದ ತಾಯಿಗೆ ಕಾರಣ ಇಂಥದ್ದು ಎಂದು ಹೇಳಬಲ್ಲವರು ಜಗತ್ತಿನಲ್ಲೇ ಕಡಿಮೆ. ನಾಲ್ಕು ವರ್ಷಗಳ ನಂತರ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಕಾಲರಾದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ಅವನಿಗೆ ಅದು ಸಿಕ್ಕಿದ್ದು ರೋಗಿಗಳ ಕರುಳಿನಲ್ಲಿ ಮಾತ್ರವೇ ಅಲ್ಲ, ಜನ ಮೀಯುತ್ತಿದ್ದ, ಬಟ್ಟೆ ಒಗೆಯುತ್ತಿದ್ದ, ಕುಡಿಯಲೂ ನೀರು ಒಯ್ಯುತ್ತಿದ್ದ ಒಂದು ಕೆರೆಯಲ್ಲಿ. ಮೀಯಲು, ಒಗೆಯಲು, ಕುಡಿಯಲು ಒಂದೇ ನೀರು ಎಂಬ ಸ್ಥಿತಿ ಕೆನರಾದ ಹಳ್ಳಿಗಳಿಗೂ ಹೊಸದಾಗಿರಲಿಲ್ಲ.

ಮರುವರ್ಷ, 1885ರಲ್ಲಿ, ಮಕ್ಕಳ ವೈದ್ಯ ಥಿಯೋಡರ್ ಎಷರಿಖ್ ಎಳೆ ಕೂಸುಗಳ ಮಲದಲ್ಲಿ ಇನ್ನೊಂದು ಜೀವಿಯನ್ನು ಗುರುತಿಸಿದ. ಇಂದು ಎಲ್ಲರೂ ಇ. ಕೊಲೈ ಎನ್ನುವ ಈ ಬ್ಯಾಕ್ಟೀರಿಯಾ ಆರೋಗ್ಯವಂತರ ಕರುಳಿನಲ್ಲೂ ಇರುವುದರಿಂದ ಅದನ್ನು ನಿರುಪದ್ರವಿ ಎಂದು ದಶಕಗಳ ಕಾಲ ನಂಬಲಾಗಿತ್ತು. 1945ರಲ್ಲಿ ಇಂಗ್ಲೆಂಡಿನ ಜಾನ್ ಬ್ರೇ ಶಿಶುಗಳ ಬೇಸಿಗೆ ಭೇದಿಗೆ ಅದರದೇ ಒಂದು ಬಗೆ ಕಾರಣವೆಂದು ತೋರಿಸಿದ. 1956ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಮತ್ತು ಸಂಗಡಿಗರು ಭೇದಿಯ ರೋಗಿಗಳಿಂದ ಪಡೆದ ಇ. ಕೊಲೈಯನ್ನು ಮೊಲದ ಕರುಳಿನಲ್ಲಿ ಇಟ್ಟು ನೋಡಿದಾಗ ಕಾಲರಾದಲ್ಲಿ ಆಗುವಂತೆಯೇ ನೀರು ತುಂಬಿಕೊಂಡಿತು. 1959ರಲ್ಲಿ ಡೇ ಕಾಲರಾದ ವಿಷವನ್ನೇ ಪತ್ತೆ ಹಚ್ಚಿದರು. ತಮ್ಮ ಕಾಲದಲ್ಲಿ ಈ ವಿಜ್ಞಾನಿಗೆ ದೇಶದಲ್ಲಿ ಸಿಗಬೇಕಾದ ಮನ್ನಣೆ ಸಿಗಲಿಲ್ಲ ಎಂಬುದನ್ನು ನೆನೆದರೆ ನೋವಾಗುತ್ತದೆ.

ಹಾಗಾದರೆ ಒಂದೇ ಬಾವಿಯ ನೀರು ಕುಡಿದ ಮನೆಯಲ್ಲಿ ಅಜ್ಜನಿಗೆ ಏನೂ ಆಗದೆ ಮೊಮ್ಮಗು ಮಲಗುವುದೇಕೆ? ಅಜ್ಜನ ಕರುಳು ಆ ಊರಿನ ಸೂಕ್ಷ್ಮಜೀವಿಗಳನ್ನು ಬಾಲ್ಯದಿಂದಲೇ ಎದುರಿಸಿ ಪಳಗಿದೆ. ಎದೆಹಾಲು ಬಿಟ್ಟು ಹೊರಗಿನ ನೀರು, ಅನ್ನ ಮುಟ್ಟಿದ ಮಗುವಿಗೆ ಅದು ಮೊದಲ ಭೇಟಿ. ಎಳೆಯ ಮೈಯಲ್ಲಿ ನೀರಿನ ಪಾಲು ಹೆಚ್ಚು, ಕೂಡಿಟ್ಟ ದಾಸ್ತಾನು ಕಡಿಮೆ. ದೊಡ್ಡವರು ತಡೆದುಕೊಳ್ಳುವಷ್ಟು ನೀರಿನ ನಷ್ಟ ಮಗುವನ್ನು ಕೆಲವೇ ಗಂಟೆಗಳಲ್ಲಿ ಅಪಾಯಕ್ಕೆ ತಳ್ಳುತ್ತದೆ. ಬ್ಯಾಕ್ಟೀರಿಯಾಗಳಲ್ಲೂ ಬಗೆಗಳಿವೆ. ಕಾಲರಾ ಬರಬೇಕಾದರೆ ಸಾಮಾನ್ಯವಾಗಿ ಲಕ್ಷಗಟ್ಟಲೆ ಜೀವಿಗಳು ಒಳ ಸೇರಬೇಕು. ರಕ್ತಭೇದಿ ತರುವ ಶಿಗೆಲ್ಲಾಕ್ಕೆ ಹತ್ತರಿಂದ ನೂರು ಸಾಕು, ತೊಳೆಯದ ಕೈಬೆರಳೇ ಸಾಕು. ಮಕ್ಕಳ ಭೇದಿಗೆ ಬ್ಯಾಕ್ಟೀರಿಯಾ ಒಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು: 1973ರಲ್ಲಿ ಆಸ್ಟ್ರೇಲಿಯದ ರುತ್ ಬಿಷಪ್ ತಂಡ ಕಂಡುಹಿಡಿದ ರೋಟಾವೈರಸ್ ಶಿಶುಗಳಲ್ಲಿ ದೊಡ್ಡ ಪಾಲು ಪಡೆದಿದೆ. ಅದರ ಲಸಿಕೆ 2019ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು.

ಯಾರ ಮಗು ಎಂಬ ಪ್ರಶ್ನೆಯೂ ಇಲ್ಲಿದೆ. ಬಾವಿ ಇದ್ದವರ ಕಷ್ಟ ಒಂದಾದರೆ, ಬಾವಿಯ ಹತ್ತಿರ ಸುಳಿಯಲೂ ಬಿಡದವರ ಕಷ್ಟ ಇನ್ನೊಂದು. ದಲಿತರಿಗೆ ಊರ ಬಾವಿ ನಿಷಿದ್ಧವಾಗಿದ್ದ ಕಾಲದಲ್ಲಿ ಅವರ ಮಕ್ಕಳಿಗೆ ಸಿಗುತ್ತಿದ್ದದ್ದು ತೋಡಿನ, ಹೊಂಡದ, ಗದ್ದೆಯಂಚಿನ ನೀರು; ಅಂದರೆ ಊರಿನ ಕೊಳೆಯೆಲ್ಲ ಇಳಿದು ಬಂದು ನಿಲ್ಲುವ ನೀರು. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ಶಾಲೆ, ನಿವೇಶನ, ಕಸುಬಿನ ತರಬೇತಿಗಳಿಗೆ ಕೈ ಹಾಕಿದಾಗ ಅವರ ಎದುರಿಗಿದ್ದದ್ದು ಈ ಬದುಕು. 1934ರ ಫೆಬ್ರುವರಿಯಲ್ಲಿ ಹರಿಜನ ಪ್ರವಾಸದ ನಡುವೆ ಮಂಗಳೂರಿಗೆ ಬಂದ ಗಾಂಧೀಜಿ ರಂಗರಾಯರ ಕೆಲಸವನ್ನು ನೋಡಿ ಹೋದರು. ಆ ಪ್ರವಾಸದುದ್ದಕ್ಕೂ ದೇವಸ್ಥಾನದ ಬಾಗಿಲಿನ ಜೊತೆಗೆ ಬಾವಿಯ ಪ್ರಶ್ನೆಯೂ ಎದ್ದಿತ್ತು. ಸಾಂಕ್ರಾಮಿಕ ರೋಗದ ಚರಿತ್ರೆ ಬರೆಯುವವರು ಬಾವಿಕಟ್ಟೆಯ ಈ ಜಾತಿಯನ್ನು ಬಿಟ್ಟು ಬರೆದರೆ ಅರ್ಧ ಮಾತ್ರ ಬರೆದಂತೆ.

ಔಷಧದ ಕಡೆಗೆ ಬಂದರೆ, ಭೇದಿಯಾದ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ ಎಂಬ ನಂಬಿಕೆ ಹಲವು ಮನೆಗಳಲ್ಲಿ ಬಲವಾಗಿತ್ತು. ಅದು ಎಷ್ಟು ಎಳೆಯ ಜೀವಗಳನ್ನು ತೆಗೆದುಕೊಂಡಿತೋ. ಅದಕ್ಕೆ ಎದುರಾಗಿ ಅದೇ ಅಡುಗೆಮನೆಗಳಲ್ಲಿ ಇನ್ನೊಂದು ತಿಳಿವಳಿಕೆಯೂ ಇತ್ತು: ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸುವುದು, ಬೊಂಡದ ನೀರು, ಪೇರಳೆ ಕುಡಿಯ ಅಥವಾ ದಾಳಿಂಬೆ ಸಿಪ್ಪೆಯ ತಂಬುಳಿ. ಗಂಜಿತಿಳಿಯ ಹಿಂದಿನ ವಿಜ್ಞಾನ 1960ರ ನಂತರ ಸ್ಪಷ್ಟವಾಯಿತು. ಕಾಲರಾದ ವಿಷ, ಅದಕ್ಕೆ ಹತ್ತಿರದ ಇ. ಕೊಲೈಯ ವಿಷ ಕರುಳಿನಿಂದ ಉಪ್ಪುನೀರು ಹೊರ ಹರಿಯುವಂತೆ ಮಾಡುತ್ತವೆ. ಆದರೆ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಬರುವ ಬಾಗಿಲು ಮಾತ್ರ ಕೆಡದೆ ಉಳಿದಿರುತ್ತದೆ. ಅವೆರಡರ ಹಿಂದೆ ನೀರೂ ಒಳಗೆ ಬರುತ್ತದೆ. ಅಕ್ಕಿಯ ಗಂಜಿ ಜೀರ್ಣವಾಗುತ್ತ ಗ್ಲೂಕೋಸನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ, ಉಪ್ಪು ಸೋಡಿಯಂ ಕೊಡುತ್ತದೆ. ಅಕ್ಕಿಯಿಂದಲೇ ತಯಾರಿಸಿದ ಓಆರ್‌ಎಸ್ (ನೀರಿನ ನಷ್ಟ ತುಂಬಲು ಬಾಯಿಗೆ ಕುಡಿಸುವ ದ್ರಾವಣ) ಕಾಲರಾ ರೋಗಿಗಳ ಭೇದಿಯನ್ನು ತಗ್ಗಿಸುತ್ತದೆಂದು ಮುಂದೆ ಪ್ರಯೋಗಗಳೂ ತೋರಿಸಿದವು.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಿಂದ ತುಂಬಿದ್ದ ಬಂಗಾಳದ ಬನಗಾಂವ್ ಶಿಬಿರದಲ್ಲಿ ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದು ಹೋಗುತ್ತ ಬಂತು. ಮಕ್ಕಳ ವೈದ್ಯ ದಿಲೀಪ್ ಮಹಲನಾಬಿಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಬಾಯಿಗೇ ಕುಡಿಸಿದರು. ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಕಲಿಸಿದರು. ನೂರಕ್ಕೆ 30ರ ಸುಮಾರಿಗಿದ್ದ ಸಾವು 3.6ಕ್ಕೆ ಇಳಿಯಿತು. 1980ರ ಹೊತ್ತಿಗೆ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 46 ಲಕ್ಷ ಮಕ್ಕಳು ವರ್ಷಕ್ಕೆ ಭೇದಿಯಿಂದ ಸಾಯುತ್ತಿದ್ದರೆಂಬ ಅಂದಾಜಿತ್ತು. ಇತ್ತೀಚಿನ ಲೆಕ್ಕ ಸುಮಾರು 4.4 ಲಕ್ಷ. ಇಳಿಕೆಯ ಹಿಂದೆ ಲಸಿಕೆ, ಆಹಾರ, ಶೌಚಾಲಯ ಎಲ್ಲವೂ ಇವೆ, ಇಂಥ ಮಿಶ್ರಣದ ಓಆರ್‌ಎಸ್ ಪೊಟ್ಟಣದ ಪಾಲು ಅವುಗಳಲ್ಲಿ ಬಹು ದೊಡ್ಡದು. ಮಹಲನಾಬಿಸ್ ತೀರಿಕೊಂಡದ್ದು 2022ರಲ್ಲಿ, ಪದ್ಮವಿಭೂಷಣ ಬಂದದ್ದು 2023ರಲ್ಲಿ.

2014ರಿಂದ ಕೇಂದ್ರ ಆರೋಗ್ಯ ಇಲಾಖೆ ತೀವ್ರತರ ಅತಿಸಾರ ನಿಯಂತ್ರಣ ಪಾಕ್ಷಿಕ ನಡೆಸತೊಡಗಿತು. ಮೊದಲ ವರ್ಷ ಅದು ನಡೆದದ್ದು ಜುಲೈ 28ರಿಂದ ಆಗಸ್ಟ್ 8ರವರೆಗೆ. 2024ರಲ್ಲಿ ಅಭಿಯಾನ ಜುಲೈ, ಆಗಸ್ಟ್ ಎರಡು ತಿಂಗಳಿಗೂ ಹಬ್ಬಿತು. ಆಶಾ ಕಾರ್ಯಕರ್ತೆಯರು ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಹೋಗಿ ಓಆರ್‌ಎಸ್ ಪೊಟ್ಟಣ ಕೊಟ್ಟು, ಬೆರೆಸುವ ಕ್ರಮ ತೋರಿಸಿ, ಭೇದಿಯಾದರೆ 14 ದಿನ ಜಿಂಕ್ ಮಾತ್ರೆ ಕೊಡಬೇಕೆಂದು ಹೇಳಿ ಬರುತ್ತಾರೆ. ದಿಲ್ಲಿಯಲ್ಲಿ ಕೂತು ಗೊತ್ತುಮಾಡಿದ ಈ ದಿನಗಳು ತುಳುನಾಡಿನಲ್ಲಿ ನೇರವಾಗಿ ಆಟಿಯ ಮೇಲೆ ಬಂದು ಬೀಳುತ್ತವೆ. ಕಳೆಂಜ ನಡೆದ ತಿಂಗಳಲ್ಲೇ ಆಶಾ ನಡೆಯುತ್ತಾರೆ. ಆದರೆ ಪೊಟ್ಟಣಕ್ಕೂ ಮೋಸದ ನೆರಳು ತಪ್ಪಲಿಲ್ಲ. ಸಕ್ಕರೆ ತುಂಬಿದ ಹಣ್ಣಿನ ಪಾನೀಯಗಳ ಮೇಲೂ ಓಆರ್‌ಎಸ್ ಎಂದು ಅಚ್ಚು ಹಾಕಿ ಮಾರುವುದು ವರ್ಷಗಟ್ಟಲೆ ನಡೆಯಿತು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಅವರ ಸುದೀರ್ಘ ಹೋರಾಟದ ನಂತರ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಷೇಧಿಸಿತು. ಹೆಚ್ಚು ಸಕ್ಕರೆಯ ಪಾನೀಯ ಭೇದಿಯಾದ ಮಗುವಿನ ಕರುಳಿಗೆ ಇನ್ನಷ್ಟು ನೀರು ಎಳೆಯುತ್ತದೆ. ಇದು ಜೀವದ ಪ್ರಶ್ನೆ.

ನೀರಿನ ಕಥೆಗೆ ಮರಳಿದರೆ, ಮಂಗಳೂರಿಗೆ ಪುರಸಭೆ ಬಂದದ್ದು 1866ರಲ್ಲಿ, ಮಹಾನಗರಪಾಲಿಕೆಯಾದದ್ದು 1980ರಲ್ಲಿ. ನಡುವೆ 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯಿದೆ, ದೇಶದಲ್ಲೇ ಈ ಬಗೆಯ ಮೊದಲನೆಯದು, ಕೆಟ್ಟ ನೀರಿನ ಮೂಲವನ್ನು ಸರಿಪಡಿಸಲು ಹೇಳುವ ಅಧಿಕಾರವನ್ನು ಆಗಿನ ದಕ್ಷಿಣ ಕೆನರಾದಲ್ಲೂ ಅಧಿಕಾರಿಗಳಿಗೆ ಕೊಟ್ಟಿತು. ಪಂಪ್‌ವೆಲ್, ಬೆಂದೂರ್‌ವೆಲ್ ಎಂಬ ಬಾವಿಯ ಹೆಸರುಗಳು ಇವತ್ತಿಗೂ ಬಸ್ಸಿನವರ ಬಾಯಲ್ಲಿ ಉಳಿದಿವೆ. ಈಗ ನಗರ ಕುಡಿಯುವುದು ತುಂಬೆಯ ನೀರನ್ನು. ನೇತ್ರಾವತಿಗೆ ಅಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ ದಿನಕ್ಕೆ ಸುಮಾರು 16 ಕೋಟಿ ಲೀಟರ್ ನೀರು ಕಣ್ಣೂರು, ಪಡೀಲ್ ದಾರಿಯಾಗಿ ಕೊಳವೆಗಳಲ್ಲಿ ನಗರಕ್ಕೆ ಬರುತ್ತದೆ.

ನಲ್ಲಿ ಬಂದ ಮೇಲೆ ಭಯ ಹೋಯಿತು ಎಂದುಕೊಂಡವರು ಹಲವರು. ತುಂಬೆಗೆ ಬರುವ ಮೊದಲು ಈ ನೀರು ಉಪ್ಪಿನಂಗಡಿ, ಬಂಟ್ವಾಳಗಳನ್ನು ದಾಟಿ ಬರುತ್ತದೆ. ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಬೆರೆಸಿದರೂ ಕೊಳವೆಯಲ್ಲಿ ಒತ್ತಡ ಇರುವವರೆಗೆ ಮಾತ್ರ ಕ್ಷೇಮ. 2016ರ ಬೇಸಿಗೆಯಲ್ಲಿ, ಮತ್ತೆ 2019ರಲ್ಲಿ ನದಿ ಬತ್ತಿ ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಬರಿದಾದ ಕೊಳವೆ ತನ್ನ ಸೀಳುಗಳಿಂದ ಸುತ್ತಲಿನ ಚರಂಡಿಯ ತೇವವನ್ನು ಒಳಗೆ ಹೀರುತ್ತದೆ. ನೀರು ಮತ್ತೆ ಬಂದಾಗ ಮೊದಲ ಕೊಡದಲ್ಲಿ ಅದು ಮನೆ ಸೇರುತ್ತದೆ. ನಲ್ಲಿಯ ಮೂತಿಗೆ ಬಿಳಿ ಬಟ್ಟೆ ಕಟ್ಟುವ ಪದ್ಧತಿ ಕಸವನ್ನು ತಡೆದೀತು, ಒಂಟಿಯಾಗಿ ತೇಲುವ ಬ್ಯಾಕ್ಟೀರಿಯಾವನ್ನು ತಡೆಯದು. ಬಾಂಗ್ಲಾದೇಶದಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ಕೆರೆ ನೀರು ಸೋಸಿದಾಗ ಕಾಲರಾ ಶೇಕಡಾ 48ರಷ್ಟು ತಗ್ಗಿದ್ದನ್ನು ರೀಟಾ ಕಾಲ್ವೆಲ್ ತಂಡ 2003ರಲ್ಲಿ ವರದಿ ಮಾಡಿತ್ತು. ಅಲ್ಲಿ ಬಟ್ಟೆ ಹಿಡಿದದ್ದು ಬ್ಯಾಕ್ಟೀರಿಯಾ ಅಂಟಿಕೊಂಡಿದ್ದ ದೊಡ್ಡ ಪ್ಲವಕ ಜೀವಿಗಳನ್ನು.

ಪಡೀಲಿನಿಂದ ದೂರವೇನಲ್ಲದ ಮೀನುಗಾರಿಕಾ ಕಾಲೇಜು, 1969ರಲ್ಲಿ ಶುರುವಾದ ದೇಶದ ಮೊದಲ ಮೀನುಗಾರಿಕಾ ಕಾಲೇಜು, ಈ ಸೂಕ್ಷ್ಮಜೀವಿಗಳ ಅಧ್ಯಯನದಲ್ಲಿ ಹೆಸರು ಮಾಡಿತು. ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ದಂಪತಿ ಅಲ್ಲಿ ಅಳಿವೆಯ ನೀರು, ಮೀನು, ಚಿಪ್ಪುಜೀವಿಗಳಲ್ಲಿರುವ, ಕಾಲರಾ ಬ್ಯಾಕ್ಟೀರಿಯಾದ ಕುಲಕ್ಕೆ ಸೇರಿದ ವಿಬ್ರಿಯೋಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು. ಮಂಗಳೂರಿನ ಮಕ್ಕಳ ಮತ್ತು ದೊಡ್ಡವರ ಭೇದಿಯ ಮಾದರಿಗಳಲ್ಲಿ ರೋಗಕಾರಕ ಇ. ಕೊಲೈ ಬಗೆಗಳನ್ನು ಹುಡುಕಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಎಷರಿಖ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದರ ವಂಶವನ್ನು ಈಗ ಇಲ್ಲಿನವರೇ ಜೀನ್ ಹಿಡಿದು ಗುರುತಿಸುತ್ತಿದ್ದಾರೆ.

ಬಾವಿಗೆ ಒದಗಿದ ಹೊಸ ಇಕ್ಕಟ್ಟು ಜಾಗದ್ದು. ಬಾವಿಗೂ ಕಕ್ಕಸು ಗುಂಡಿಗೂ ಕನಿಷ್ಠ 15 ಮೀಟರ್ ಅಂತರ ಬೇಕೆಂಬುದು ಆರೋಗ್ಯ ಶಾಸ್ತ್ರದ ಪಾಠ. ಹಿಂದಿನ ವಿಶಾಲ ಹಿತ್ತಿಲಿನಲ್ಲಿ ಅದು ಕಷ್ಟವಿರಲಿಲ್ಲ. ಊರು ನಗರವಾಗುತ್ತ ಗುಡ್ಡ, ಬೈಲು ಎಲ್ಲ ಐದೈದು ಸೆಂಟ್ಸಿನ ನಿವೇಶನಗಳಾದವು. ಐದು ಸೆಂಟ್ಸ್ ಅಂದರೆ ಸುಮಾರು 202 ಚದರ ಮೀಟರ್. ಚೌಕವಾಗಿದ್ದರೆ ಒಂದು ಬದಿ 14 ಮೀಟರ್ ಚಿಲ್ಲರೆ. ಎದುರುಬದುರು ಮೂಲೆಗಳಲ್ಲಿ ತೋಡಿದರೆ ಮಾತ್ರ ತನ್ನ ಬಾವಿ ತನ್ನ ಗುಂಡಿಯಿಂದ ದೂರ ಇದ್ದೀತು, ಆಗ ಅದು ನೆರೆಮನೆಯ ಗುಂಡಿಗೆ ಹತ್ತಿರವಾಗುತ್ತದೆ. ಇದಕ್ಕೆ ಇರುವ ಪರಿಹಾರ ಒಳಚರಂಡಿ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದ ಯೋಜನೆಯಲ್ಲಿ ನಗರದ ಒಳಚರಂಡಿ ಜಾಲ ಬೆಳೆಯಿತು, ಪಡೀಲಿನ ಪಕ್ಕದ ಬಜಾಲಿನಲ್ಲಿ ದಿನಕ್ಕೆ 2 ಕೋಟಿ ಲೀಟರ್ ಸಾಮರ್ಥ್ಯದ ಕೊಳಚೆ ನೀರಿನ ಶುದ್ಧೀಕರಣ ಘಟಕ ಬಂತು. ಆದರೆ ಪ್ರತಿ ಮನೆಯ ಗುಂಡಿಯೂ ಆ ಜಾಲಕ್ಕೆ ಸೇರುವವರೆಗೆ ಮುರಕಲ್ಲಿನ ಒಳಗಿನ ದಾರಿ ತೆರೆದೇ ಇರುತ್ತದೆ.

ಅಲ್ಲಿಯವರೆಗೆ ಬಾವಿ ಬಳಸುವ ಮನೆಗೆ ಎರಡು ಅಗ್ಗದ ಸಲಕರಣೆಗಳಿವೆ. ಒಂದು, ಕೆ.ಎಸ್. ಮಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪರೀಕ್ಷೆ: ಪರೀಕ್ಷೆಯ ರಾಸಾಯನಿಕ ಇರುವ ಸಣ್ಣ ಸೀಸೆಗೆ ನೀರು ತುಂಬಿ ಇಟ್ಟರೆ, ಅದರಲ್ಲಿ ಮಲದ ಸಂಪರ್ಕವಿದ್ದಾಗ ಕಪ್ಪಾಗುತ್ತದೆ. ಇನ್ನೊಂದು ಬ್ಲೀಚಿಂಗ್ ಪೌಡರ್. ಒಳ್ಳೆಯ ಗುಣಮಟ್ಟದ್ದಾದರೆ ಸಾವಿರ ಲೀಟರಿಗೆ 2.5 ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, 24 ಗ್ರಾಂ ಪುಡಿ ಸಾಕು. ಆಟಿಯಲ್ಲಿ ಅದೇ ಬಾವಿ ಆರು ಮೀಟರ್ ತುಂಬಿದಾಗ 47 ಗ್ರಾಂ ಬೇಕು. ಬೇಸಿಗೆಯಲ್ಲಿ ಕಲಿತ ಅಳತೆಯನ್ನೇ ಮಳೆಗಾಲದಲ್ಲೂ ಹಾಕುವುದರಿಂದ, ರೋಗ ಬರುವ ತಿಂಗಳಲ್ಲೇ ಔಷಧ ಅರ್ಧಕ್ಕಿಳಿಯುತ್ತದೆ. ಪುಡಿಯನ್ನು ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಸಿದು, ಹಗ್ಗ ಕಟ್ಟಿ ಬಾವಿಗೆ ಇಳಿಸಿ ಅಲ್ಲಾಡಿಸಬೇಕು. ಒಂದು ಗಂಟೆ ಕಾದು ನೀರು ಸೇದಬೇಕು. ರಾತ್ರಿ ಜಡಿಮಳೆ ಸುರಿದು ಮರುದಿನ ನೀರು ಕೆಂಪಾಗಿ ಕಂಡರೆ, ಅದು ತಿಳಿಯಾಗುವವರೆಗೂ ಮಗುವಿಗೆ ಕುದಿಸಿ ಆರಿಸಿದ ನೀರೇ ಬೇಕು, ಏಕೆಂದರೆ ಮಣ್ಣು ಬೆರೆತ ನೀರಿನಲ್ಲಿ ಕ್ಲೋರಿನ್ ಬೇಗ ಖರ್ಚಾಗಿ ಹೋಗುತ್ತದೆ.